ಮೊದಲು ಕ್ಷೇಮ, ಆಮೇಲೆ ಒಡಪು

ಆ ಚಳಿಗಾಲದಲ್ಲಿ ನನ್ನ ಕೆಲಸ ವಾರಕ್ಕೊಂದು ಸಾಲು ಬರೆಯುವುದಾಗಿತ್ತು. ಒಂದೇ ಸಾಲು. ಇಮೇಲಿನ ತಲೆಯ ಮೇಲೆ ಕೂತು, ಫೋನಿನ ಪರದೆಯಲ್ಲಿ ಮುಕ್ಕಾಲು ಕಾಣಿಸಿ ಕಾಲು ಕತ್ತರಿಸಿಹೋಗುವ ಸಾಲು. ಅದನ್ನು ನೋಡಿ ಜನ ಒಳಗೆ ಬರಬೇಕು. ಬರದಿದ್ದರೆ ಕೆಳಗೆ ಬರೆದ ಪತ್ರ, ಬೆಳಕು ನೋಡಿ ತೆಗೆದ ಫೋಟೋ, ಸಣ್ಣ ಉರಿಯಲ್ಲಿ ಹುರಿದ ಪುಡಿ ಎಲ್ಲವೂ ದಂಡ. ಮನೆಯಲ್ಲಿ ಇದನ್ನು ವಿವರಿಸುವುದು ಕಷ್ಟವಾಗಿತ್ತು. "ಒಂದು ಸಾಲಿಗೆ ಎರಡು ದಿನ ಬೇಕಾ?" ಎಂದು ನಮ್ಮವರು ಕಾಫಿ ಲೋಟ ಹಿಡಿದು ನನ್ನ ಹಿಂದೆ ಬಂದು ನಿಲ್ಲುತ್ತಿದ್ದರು. ಬೇಕಾಗುತ್ತಿತ್ತು. ಸಾರಿಗೆ ಬೇಳೆ ಇಟ್ಟು, ಡ್ರೈಯರಿನಿಂದ ಬಟ್ಟೆ ತೆಗೆದು ಮಡಚುತ್ತ, ಮನಸ್ಸಿನಲ್ಲೇ ಆ ಸಾಲನ್ನು ಹಿಂದೆ ಮುಂದೆ ಮಾಡುತ್ತ ಇರುತ್ತಿದ್ದೆ.

ಪುಡಿ ಎಂದರೆ ಚಟ್ನಿಪುಡಿ. ಮಾಡುತ್ತಿದ್ದವರು ಧಾರವಾಡದ ಕಡೆಯ ಒಬ್ಬರು, ನನಗಿಂತ ಚಿಕ್ಕವರು. ನಾನು ಅವರನ್ನು ಒಡತಿ ಎನ್ನುತ್ತೇನೆ. ಅವರಿಗೆ ಆ ಮಾತು ಸೇರದು, ಆದರೂ ಅದೇ ಸರಿ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ಕೆಲಸ ಮಾಡುತ್ತಿದ್ದವರು. ಅಲ್ಲಿ ಒಮ್ಮೆಗೇ ಬಹಳ ಜನರನ್ನು ತೆಗೆದಾಗ ಇವರ ಕೆಲಸವೂ ಹೋಯಿತು. ಮನೆಯಲ್ಲಿ ಸುಮ್ಮನೆ ಕೂರಲಾರದೆ ಶೇಂಗಾ, ಅಗಸೆ, ಗುರೆಳ್ಳು ಹುರಿಯಲು ಶುರು ಮಾಡಿದರು. ಗೆಳತಿಯರು ಕೇಳಿದರು, ಗೆಳತಿಯರ ಗೆಳತಿಯರು ಕೇಳಿದರು. ಫ್ರೀಮಾಂಟಿನಲ್ಲಿ ಹಲವರು ಪಾಳಿ ಹಾಕಿಕೊಂಡು ಬಳಸುವ ಒಂದು ಬಾಡಿಗೆ ಅಡುಗೆಮನೆ ಹಿಡಿದರು. ಆನ್‌ಲೈನಿನಲ್ಲಿ ಆರ್ಡರು, ಶನಿವಾರ ಬೆಳಗ್ಗೆ ನಮ್ಮ ಕಡೆಯ ಗ್ರೋಸರಿ ಅಂಗಡಿಯ ಹಿಂದಿನ ಪಾರ್ಕಿಂಗ್ ಲಾಟಿನಲ್ಲಿ ಡಬ್ಬಿ ವಿತರಣೆ.

ಅಷ್ಟರಲ್ಲಿ ಹಳೆಯ ಲ್ಯಾಬಿನವರು ಮತ್ತೆ ಕರೆದರು. ಯುಗಾದಿಯ ಹೊತ್ತಿಗೆ ಉತ್ತರ ಹೇಳಿದರೆ ಸಾಕು ಎಂದರು. ಇಮೇಲು ಬರೆಯುವ ಕೆಲಸಕ್ಕೆ ನನ್ನನ್ನು ಕರೆದು ಕೂರಿಸಿಕೊಂಡು ಒಡತಿ ಹೇಳಿದ ಮೊದಲ ಮಾತೇ ಅದು.

"ಅಕ್ಕಾರ, ನನಗ ಒಂದೇ ಪ್ರಶ್ನಿ ಅದ. ಒಮ್ಮೆ ಒಯ್ದವರು ಮತ್ತ ಬರ್ತಾರೋ ಇಲ್ಲೋ? ಬರ್ತಾರ ಅಂದ್ರ ಒಲಿ ಮುಂದ ನಿಲ್ಲತೀನಿ. ಇಲ್ಲಂದ್ರ ಕೋಟು ಹಾಕ್ಕೊಂಡು ಹೋಗತೀನಿ. ಸುಮ್ಮ ಆಶಾ ಇಟ್ಕೊಂಡು ಎರಡೂ ಕಡೆ ಕಾಲಿಡೋದು ನನಗ ಆಗಂಗಿಲ್ಲ."

ಆಗ ಪರಿಸ್ಥಿತಿ ಏನಿತ್ತೆಂದರೆ, ಒಮ್ಮೆ ಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮತ್ತೆ ತಲೆ ಹಾಕುತ್ತಿರಲಿಲ್ಲ. ಪುಡಿ ಚೆನ್ನಾಗಿಲ್ಲವೆಂದಲ್ಲ. ಈ ಊರಿನಲ್ಲಿ ಡೇಕೇರು, ಆಫೀಸು, ಫ್ರೀವೇ ಮುಗಿಸಿ ಮನೆಗೆ ಬರುವ ಹೊತ್ತಿಗೆ ಯಾರಿಗೂ ಯಾವ ಪುಡಿಯೂ ನೆನಪಿರುವುದಿಲ್ಲ. ನೆನಪಿಸುವುದಕ್ಕೆ ನಮ್ಮ ಹತ್ತಿರ ಇದ್ದದ್ದು ವಾರಕ್ಕೊಂದು ಇಮೇಲು. ಬರ್ಕ್ಲಿಯಲ್ಲಿ ಓದುತ್ತಿದ್ದ ನನ್ನ ಮಗಳು, ಒಗೆಯುವ ಬಟ್ಟೆಯ ಮೂಟೆ ಹೊತ್ತು ಮನೆಗೆ ಬಂದ ಒಂದು ಭಾನುವಾರ, ಅದನ್ನು ಕಳಿಸುವ ತಂತ್ರಾಂಶವನ್ನು ನನಗೆ ಕಲಿಸಿಕೊಟ್ಟಿದ್ದಳು. ಕಳಿಸಿದ ಮೇಲೆ ಎಷ್ಟು ಜನ ತೆರೆದರು, ಎಷ್ಟು ಜನ ಒಳಗಿನ ಕೊಂಡಿ ಒತ್ತಿದರು, ಎಷ್ಟು ಜನ "ಇನ್ನು ಕಳಿಸಬೇಡಿ" ಎಂದರು ಎಲ್ಲವೂ ಗೆರೆಗಳಾಗಿ ಕಾಣುತ್ತಿತ್ತು.

ನಾನು ಮೊದಲು ಬರೆದ ಸಾಲುಗಳು ಹೀಗಿದ್ದವು: "ಈ ಶನಿವಾರ ಗ್ರೋಸರಿ ಹಿಂಭಾಗದಲ್ಲಿ ಬೆಳಗ್ಗೆ ಶೇಂಗಾ, ಅಗಸೆ, ಗುರೆಳ್ಳು ಚಟ್ನಿಪುಡಿ ಲಭ್ಯ, ತಾವು ಸಕುಟುಂಬ ಬಂದು..." ಒಡತಿ ಅದನ್ನು ನೋಡಿ ನಕ್ಕರು.

"ಅಕ್ಕಾರ, ಇದು ಲಗ್ನಪತ್ರಿಕಿ ಆತು. ವರ, ವಧು, ಮುಹೂರ್ತ, ಊಟ ಎಲ್ಲಾ ಬಾಗಲದಾಗ ಹೇಳಿದ್ರಿ. ಇನ್ನ ಒಳಗ ಬಂದು ನೋಡೋದು ಏನ್ ಉಳೀತು?"

"ಮತ್ತೆ ಹೇಳದೇ ಇದ್ದರೆ ಗೊತ್ತಾಗೋದು ಹೇಗೆ?" ಎಂದೆ. ಮೈಸೂರಿನ ಕಡೆಯವಳು ನಾನು. ಕರೆಯುವುದಾದರೆ ನೆಟ್ಟಗೆ ಕರೆಯಬೇಕು ಎಂದು ಕಲಿತವಳು.

"ಒಡಪು ಕೇಳೀರೇನ್ರಿ ನೀವು?"

ಕೇಳಿದ್ದೆ, ಆದರೆ ಕೂತು ನೋಡಿರಲಿಲ್ಲ. ಅವರ ಕಡೆ ಮದುವೆ ಮುಂಜಿಗಳಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ನೆಟ್ಟಗೆ ಹೇಳುವುದಿಲ್ಲ. ಒಂದು ಪದ್ಯ ಕಟ್ಟಿ, ಎಲ್ಲಿಂದಲೋ ಶುರು ಮಾಡಿ, ಊರು ಕೇರಿ ಹೊಲ ಮನೆ ಸುತ್ತಾಡಿಸಿ, ಕೊನೆಯ ಮಾತಿನಲ್ಲಿ ಹೆಸರು ಇಡುತ್ತಾರೆ. ಅಲ್ಲಿಯವರೆಗೂ ಕೂಟದಲ್ಲಿರುವವರು ಕೊರಳು ಮುಂದೆ ಚಾಚಿ ಕೂತಿರುತ್ತಾರೆ.

"ಹೆಸರು ಎಲ್ಲಾರಿಗೂ ಗೊತ್ತೇ ಇರ್ತದ," ಎಂದರು ಒಡತಿ. "ಆದ್ರೂ ಕಾಯ್ತಾರ. ಯಾಕಂದ್ರ ಹೆಂಗ ಬರ್ತದ ಅನ್ನೋದು ಗೊತ್ತಿರಂಗಿಲ್ಲ. ಆದ್ರ ಒಂದು ಮಾತು. ಒಡಪು ಸುರು ಮಾಡಿ ಹೆಸರು ಹೇಳದ ಎದ್ದು ಹೋದ್ರ ಬಿಡಂಗಿಲ್ಲ, ಸೆರಗು ಹಿಡದು ಕೂಡಸ್ತಾರ. ಹೆಸರು ಬರ್ಲೇಬೇಕು. ಕೇಳಿದ ಪ್ರಶ್ನಿಗೆ ಹೇಳಿದ ಹೊತ್ತಿಗೆ ಉತ್ತರ. ಅದು ನಮ್ಮ ಕಾಯ್ದೆ."

ಆನ್‌ಲೈನ್ ಮಾರ್ಕೆಟಿಂಗಿನ ಬಗ್ಗೆ ಎಷ್ಟೋ ವಿಡಿಯೋ ನೋಡಿದ್ದೆ. ಕುತೂಹಲ ಹುಟ್ಟಿಸಿ ಎಂದು ಎಲ್ಲರೂ ಹೇಳುತ್ತಿದ್ದರು. ಹುಟ್ಟಿಸಿದ ಮೇಲೆ ಅದರ ಋಣ ತೀರಿಸಬೇಕು ಎಂಬುದನ್ನು ನಾನು ಕೇಳಿದ್ದು ಆ ಅಡುಗೆಮನೆಯಲ್ಲೇ.

ಹೀಗೆ ಹೆಸರಿಲ್ಲದ ಡಬ್ಬಿ ಶುರುವಾಯಿತು. ವಾರಕ್ಕೊಂದು ಪುಡಿ, ಗುರುವಾರದ ಇಮೇಲಿನಲ್ಲಿ ಅದರ ಒಡಪು, ಶನಿವಾರ ಪಾರ್ಕಿಂಗ್ ಲಾಟಿನಲ್ಲಿ ಹೆಸರು. ನನ್ನ ಮೊದಲ ಯೋಜನೆಯಲ್ಲಿ ಎಲ್ಲವನ್ನೂ ಮುಚ್ಚಿಡುವುದಿತ್ತು. ಒಡತಿ ತಕ್ಷಣ ತಲೆಯಾಡಿಸಿದರು. "ಶೇಂಗಾ ಆಗದ ಕೂಸು ಇರ್ತಾವ್ರಿ. ಎಳ್ಳು ಆಗದವ್ರು ಇರ್ತಾರ. ಅದರ ಜೋಡಿ ಆಟ ಆಡಬಾರ್ದು." ಇಲ್ಲಿನ ಕಾನೂನೂ ಹಾಗೆಯೇ: ಒಳಗಿನ ಪದಾರ್ಥಗಳೆಲ್ಲ ಡಬ್ಬಿಯ ಮೇಲೆ ಅಚ್ಚಾಗಬೇಕು. ಅವರು ಕಂಡುಕೊಂಡ ದಾರಿ ಸರಳವಾಗಿತ್ತು. ಇಮೇಲಿನಲ್ಲಿ ಒಡಪಿನ ಪಕ್ಕದಲ್ಲೇ "ಒಳಗೇನಿದೆ" ಎಂಬ ಕೊಂಡಿ. ಒತ್ತಿದರೆ ಪೂರ್ತಿ ಪಟ್ಟಿ, ಶೇಂಗಾ ಎಳ್ಳು ದಪ್ಪ ಅಕ್ಷರದಲ್ಲಿ.

"ಎಲ್ಲರೂ ಒತ್ತಿ ನೋಡಿಬಿಟ್ಟರೆ?" ಎಂದೆ.

"ನೋಡಬೇಕಾದವ್ರು ನೋಡ್ಲೇಬೇಕು. ಆಟ ಬೇಕಾದವ್ರು ನೋಡಂಗಿಲ್ಲ. ಉತ್ತರ ಬಾಜೂಕ ಇದ್ರೂ ಕಣ್ಣು ಮುಚ್ಚಿ ಕೂಡ್ತಾರ, ನೋಡ್ರಿ ಬೇಕಾದ್ರ."

ಹಾಗೆಯೇ ಆಯಿತು. ಮೊದಲ ವಾರದ ಒಡಪನ್ನು ಅವರು ಕಡಾಯಿ ತಿರುವುತ್ತಲೇ ಹೇಳಿದರು, ನಾನು ಫೋನಿನಲ್ಲಿ ಒತ್ತಿಕೊಂಡೆ:

ಕಪ್ಪಗಿದ್ರೂ ಕಾಗಿ ಅಲ್ಲ, ಎಣ್ಣಿ ಇದ್ರೂ ದೀಪ ಅಲ್ಲ,
ಜ್ವಾಳದ ರೊಟ್ಟಿ ಬಿಟ್ಟು ನಾ ಒಂದಿನಾನೂ ಇದ್ದವಳಲ್ಲ.

ಇಮೇಲಿನ ತಲೆಯ ಸಾಲು ಬರೀ "ಕಪ್ಪಗಿದ್ರೂ ಕಾಗಿ ಅಲ್ಲ" ಎಂದು. ತೆರೆದವರ ಗೆರೆ ಮೊದಲ ಬಾರಿಗೆ ತಲೆ ಎತ್ತಿತು. ಜನ ಉತ್ತರ ಬರೆದರು. ಎಳ್ಳು ಎಂದರು, ಉದ್ದು ಎಂದರು, ಒಬ್ಬರು "ನಮ್ಮತ್ತೆ" ಎಂದು ಬರೆದು ಮರುಕ್ಷಣ ತಮಾಷೆಗೆ ಎಂದು ಇನ್ನೊಂದು ಕಳಿಸಿದರು. ಉತ್ತರ ಗುರೆಳ್ಳು. ಶನಿವಾರ ಹೆಸರು ಹೇಳುವಾಗ ಒಡತಿ ಅಲ್ಲಿಗೇ ನಿಲ್ಲಿಸಲಿಲ್ಲ. ಮೈಸೂರಿನ ಕಡೆ ಇದನ್ನೇ ಹುಚ್ಚೆಳ್ಳು ಎನ್ನುತ್ತಾರೆ ಎಂದರು. ಸಾಲಿನಲ್ಲಿದ್ದ ನಮ್ಮ ಕಡೆಯವರೆಲ್ಲ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. "ಅಯ್ಯೋ, ಇದು ನಮ್ಮಜ್ಜಿ ಮಾಡೋದು ಕಣ್ರೀ," ಎಂದು ಒಬ್ಬರು ಅಲ್ಲೇ ನಿಂತು ಪಕ್ಕದವರಿಗೆ ಹೇಳತೊಡಗಿದರು. ಕಾದವರಿಗೆ ಕಾದದ್ದಕ್ಕಿಂತ ಒಂದು ಹಿಡಿ ಹೆಚ್ಚು ಕೊಡುವುದು ಅವರ ಕ್ರಮ. ಪುಡಿಯ ಹೆಸರಿನ ಜೊತೆ ಅದರ ಒಂದು ಬಳಕೆ ಹೇಳುತ್ತಿದ್ದರು, ಅಥವಾ ಯಾರೋ ಉತ್ತರದಲ್ಲಿ ಬರೆದ ಮನೆಯ ವಿಧಾನವನ್ನು, ಬರೆದವರ ಹೆಸರಿನೊಂದಿಗೇ. ಹಾಗೆ ತಮ್ಮ ಹೆಸರು ಕೇಳಿಸಿಕೊಂಡವರು ಮುಂದಿನ ವಾರವೂ ಬರುತ್ತಿದ್ದರು.

ಅಡುಗೆಮನೆಯಲ್ಲಿ ಅವರು ಕೆಲಸ ಮಾಡುವುದನ್ನು ನೋಡುವುದೇ ನನಗೆ ಒಂದು ಪಾಠವಾಗಿತ್ತು. ಖಾರ ಹುರಿಯುವ ದಿನ ಪಕ್ಕದ ಒಲೆಯಲ್ಲಿ ತಮಾಲೆ ಎಂಬ ಮೆಕ್ಕೆಜೋಳದ ಕಡುಬು ಬೇಯಿಸುವ ಮೆಕ್ಸಿಕನ್ ಹೆಂಗಸು ಸೀನುತ್ತ ಸೀನುತ್ತ ಕಿಟಕಿ ತೆರೆಯುತ್ತಿದ್ದಳು. ಒಡತಿ ಅವಳಿಗಾಗಿ ಮೆಣಸಿನಕಾಯಿಯ ಪಾಳಿಯನ್ನೇ ಕೊನೆಗೆ ಹಾಕಿಕೊಂಡರು. ಒಂದು ಸಲ ಹುರಿದದ್ದನ್ನು ತಣಿಸಿ, ಕಿವಿಯ ಹತ್ತಿರ ಹಿಡಿದು ಮುರಿದು, ಸದ್ದು ಸರಿಯಿಲ್ಲದಿದ್ದರೆ ಮತ್ತೆ ಒಲೆಗೆ. ಸಾಲುಗಳ ವಿಷಯದಲ್ಲೂ ಅಷ್ಟೇ. ಒಂದು ವಾರ ಒಂದೇ ಒಂದು ಬದಲಾವಣೆ. ಕಳಿಸುವ ಹೊತ್ತು ಬದಲಿಸಿದರೆ ಸಾಲಿನ ಧಾಟಿ ಬದಲಿಸಬಾರದು. ಧಾಟಿ ಬದಲಿಸಿದರೆ ಹೊತ್ತು ಮುಟ್ಟಬಾರದು. ಇಲ್ಲವಾದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಹಾಗೆ ಒಂದು ವಾರ ಕಳಿಸುವವರ ಜಾಗದಲ್ಲಿ ಅಂಗಡಿಯ ಹೆಸರಿನ ಬದಲು ಅವರ ಮೊದಲ ಹೆಸರನ್ನಷ್ಟೇ ಹಾಕಿದೆವು. ಪ್ರತಿ ಮನೆಯಲ್ಲೂ ಒಬ್ಬ ಅತ್ತಿಗೆಗೋ ನಾದಿನಿಗೋ ಇರುವ ಹೆಸರು ಅದು. ಗೆರೆ ಇನ್ನಷ್ಟು ಏರಿತು. ಹಾಗೇ ಬಿಟ್ಟೆವು.

ಶನಿವಾರಗಳಲ್ಲಿ ಡಬ್ಬಿಯ ಪೆಟ್ಟಿಗೆ ಹೊರುತ್ತಿದ್ದವರು ಅವರ ಯಜಮಾನರು. ಕಂಪ್ಯೂಟರ್ ಇಂಜಿನಿಯರು, ಮಾತು ಕಡಿಮೆ. ಪೆಟ್ಟಿಗೆ ಇಳಿಸುವಾಗ ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿ ಕೇಳುತ್ತಿದ್ದರು.

"ಏನರ ಅಂದ್ಳೇನ್ರಿ, ಲ್ಯಾಬಿಂದು?"

"ನಿಮಗೆ ಹೇಳದ್ದು ನನಗೆ ಹೇಳ್ತಾರಾ?"

"ಹಂಗಲ್ರಿ. ಮನ್ಯಾಗ ಕೇಳಿದ್ರ, ಯುಗಾದಿ ಬರ್ಲಿ ಅಂತಾಳ. ಊರಿಗೆಲ್ಲಾ ಶನಿವಾರಕ್ಕೊಮ್ಮೆ ಹೆಸರು ಹೇಳ್ತಾಳ, ನನ್ನ ಒಡಪು ಮಾತ್ರ ಮೂರು ತಿಂಗಳಿಂದ ನಡದದ."

ಚಳಿ ಕಳೆಯುತ್ತ ಬಂದಂತೆ ಏರಿದ ಗೆರೆ ಮೆಲ್ಲಗೆ ಇಳಿಯತೊಡಗಿತು. ಆಟ ಹಳೆಯದಾಗಿತ್ತು. ಬಂದವರೇ ಬರುತ್ತಿದ್ದರು, ಅವರಲ್ಲೂ ಕೆಲವರು ತಪ್ಪಿಸುತ್ತಿದ್ದರು. ಯುಗಾದಿ ದೂರವಿರಲಿಲ್ಲ. ಆಗ ನಾವು ತಂತ್ರಾಂಶದಲ್ಲಿದ್ದ ಒಂದು ಅನುಕೂಲವನ್ನು ಬಳಸಲು ನಿಶ್ಚಯಿಸಿದೆವು. ನಾವು ನಾಲ್ಕು ಸಾಲು ಬರೆದುಕೊಡಬೇಕು. ಅದು ಬೆಳಗಿನ ಜಾವ ಪಟ್ಟಿಯ ಸ್ವಲ್ಪ ಸ್ವಲ್ಪ ಜನರಿಗೆ ಒಂದೊಂದು ಸಾಲು ಕಳಿಸಿ, ಯಾವುದನ್ನು ಹೆಚ್ಚು ಜನ ತೆರೆಯುತ್ತಾರೆಂದು ನೋಡುತ್ತದೆ. ಗೆದ್ದ ಸಾಲನ್ನು ಆಮೇಲೆ ಮಿಕ್ಕವರೆಲ್ಲರಿಗೂ ತಾನೇ ಕಳಿಸಿಬಿಡುತ್ತದೆ. ಮನುಷ್ಯರು ಕೂತು ನೋಡಬೇಕಾಗಿಲ್ಲ.

ಆ ವಾರದ ಸಂಗತಿ ಬ್ಯಾಡಗಿ ಮೆಣಸಿನಕಾಯಿ. ಹೊಸ ಬೆಳೆ ಹಡಗಿನಲ್ಲಿ ಓಕ್ಲೆಂಡ್ ಬಂದರಿಗೆ ಬಂದು, ತರಿಸುವವರ ಕೈಯಿಂದ ನಮ್ಮ ಕೈಗೆ ಬಂದಿತ್ತು. ಮೂರು ಸಾಲುಗಳಲ್ಲಿ ಕೆಂಪು, ಖಾರ, ಹಡಗು ಇದ್ದವು. ನಾಲ್ಕನೆಯದು ಒಲೆಯ ಮುಂದೆ ಮಾತಾಡುತ್ತ ಹುಟ್ಟಿತು. ಯಾರ ಬಾಯಿಂದ ಮೊದಲು ಬಂತೆಂದು ಇಬ್ಬರಿಗೂ ನೆನಪಿಲ್ಲ. "ಊರಿಂದ ಸುದ್ದಿ ಬಂದಿದೆ." ಚೆನ್ನಾಗಿದೆಯಲ್ಲ ಎಂದುಕೊಂಡೆವು. ಚಿಕ್ಕದು, ಬೆಚ್ಚಗಿನದು, ಫೋನಿನಲ್ಲಿ ಕತ್ತರಿಸಿಹೋಗುವುದಿಲ್ಲ.

ಗುರುವಾರ ಬೆಳಗ್ಗೆ ನಾನು ಮೊಸರಿಗೆ ಹೆಪ್ಪು ಹಾಕುತ್ತಿದ್ದಾಗ ಫೋನು ಬಂತು. ಇಮೇಲಿನ ಅಡಿಯಲ್ಲಿ ಇದ್ದದ್ದು ನನ್ನ ನಂಬರು.

"ಯಾರು ಮಾತಾಡ್ತಿರೋದು?" ಹೆಂಗಸಿನ ದನಿ, ಮೈಸೂರಿನ ಕಡೆಯದು, ಗಟ್ಟಿಯಾಗಿ ಹಿಡಿದುಕೊಂಡ ದನಿ. ನಾನು ಯಾರೆಂದು ಹೇಳಿದೆ.

"ನಮ್ಮಪ್ಪ ಮೈಸೂರಲ್ಲಿ ಐಸಿಯೂನಲ್ಲಿದ್ದಾರೆ. ನಾನು ಬ್ರಿಜ್ ಮೇಲೆ ಡ್ರೈವ್ ಮಾಡ್ತಿದ್ದೆ. ವಾಚಲ್ಲಿ ಬಂತು, ನಿಮ್ಮ ಮೇಡಂ ಹೆಸರು, ಊರಿಂದ ಸುದ್ದಿ ಬಂದಿದೆ ಅಂತ. ನಮ್ಮತ್ತಿಗೆ ಹೆಸರೂ ಅದೇ. ಬ್ರಿಜ್ ಮೇಲೆ ನಿಲ್ಲಿಸೋಕೂ ಆಗಲ್ಲ. ಆಚೆ ದಡ ಸೇರೋವರೆಗೂ ಹೇಗೆ ಓಡಿಸಿದೆ ಅಂತ ನನಗೇ ಗೊತ್ತಿಲ್ಲ. ಎಕ್ಸಿಟ್ ತಗೊಂಡು ನಿಲ್ಲಿಸಿ ತೆಗೆದು ನೋಡಿದ್ರೆ ಮೆಣಸಿನಕಾಯಿ."

ತಪ್ಪಾಯಿತು ಎನ್ನತೊಡಗಿದೆ. ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಇಲ್ಲಿ ಬೆಳಗಾಗುವ ಹೊತ್ತಿಗೆ ಅಲ್ಲಿ ರಾತ್ರಿ. ಊರಿನಿಂದ ಬರುವ ಎಂಥ ಸುದ್ದಿಯೂ ನಮಗೆ ತಲುಪುವುದು ಆ ಹೊತ್ತಿನಲ್ಲೇ. ಈ ಕಡೆ ಇರುವ ನಮ್ಮಲ್ಲಿ ಯಾರೂ ಆ ಮೂರು ಮಾತನ್ನು ಬೆಚ್ಚಗೆ ಓದಲಾರರು. ಅದು ನಮಗಿಬ್ಬರಿಗೂ ಗೊತ್ತಿಲ್ಲದ್ದೇನಲ್ಲ. ಒಲೆಯ ಮುಂದೆ ನಿಂತಿದ್ದಾಗ ನಾವು ಕಳಿಸುವವರಾಗಿದ್ದೆವು, ಓದುವವರಾಗಿರಲಿಲ್ಲ. ಇನ್ನೂ ಫೋನುಗಳು ಬಂದವು. ಒಬ್ಬ ಹಿರಿಯರು ಬೈಯಲಿಲ್ಲ. "ಹಿಂಗ ಬರೀಬ್ಯಾಡ್ರವಾ" ಎಂದಷ್ಟೇ ಹೇಳಿ ಇಟ್ಟರು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಲ್ಯಾಪ್‌ಟಾಪು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಆ ಸಾಲು ಗೆದ್ದಿತ್ತು. ಬರೀ ಗೆದ್ದಿದ್ದಲ್ಲ, ನಾವು ಶುರು ಮಾಡಿದಂದಿನಿಂದ ಯಾವ ವಾರವೂ ಗೆರೆ ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ. ತಂತ್ರಾಂಶ ಪರದೆಯ ಮೇಲೆ ಬಣ್ಣದ ಕಾಗದದ ಚೂರು ಉದುರಿಸಿ ಅಭಿನಂದನೆ ಹೇಳುತ್ತಿತ್ತು.

ಒಡತಿ ಕೈ ತೊಳೆದು ಬಂದು ನೋಡಿದರು. ನಾನು ಫೋನುಗಳ ವಿಷಯ ಹೇಳಿದೆ, ಬ್ರಿಜ್ಜಿನ ಮೇಲಿನವರ ವಿಷಯವನ್ನು ಕೊನೆಗೆ ಹೇಳಿದೆ. ಅವರು ಗೆರೆಯ ಮೇಲೆ ಬೆರಳಿಟ್ಟರು.

"ಈ ಗೆರಿ ಸುಳ್ಳದ," ಎಂದರು. "ನಾವು ಅಳದದ್ದು ಕುತೂಹಲ ಅಲ್ಲ, ಅಂಜಿಕಿ. ಈ ಮಾಪಕಕ್ಕ ಎರಡೂ ಒಂದೇ. ಬಾಗಲಾ ತಗದ್ರು ಅಂತ ಗೊತ್ತಾಗ್ತದ, ಯಾಕ ತಗದ್ರು ಅಂತ ಗೊತ್ತಾಗಂಗಿಲ್ಲ. ಲ್ಯಾಬಿನ್ಯಾಗ ಹಿಂಗ ಆದ್ರ ನಾವು ಪ್ಲೇಟೇ ಚೆಲ್ಲತೇವಿ, ರಿಸಲ್ಟು ಎಷ್ಟ ಚಂದ ಇದ್ರೂ."

ಆ ವಾರದ ಅಂಕಿಯನ್ನು ಅಳಿಸಿಸಿದರು. ತಾನೇ ಗೆಲ್ಲಿಸಿ ತಾನೇ ಕಳಿಸುವ ಆ ಅನುಕೂಲವನ್ನು ಮುಚ್ಚಿಸಿದರು. ಮತ್ತೆ ನನ್ನಿಂದ ಫೋನು ಮಾಡಿದವರ ನಂಬರುಗಳನ್ನು ತೆಗೆದುಕೊಂಡು ಹೊರಗೆ ಹೋದರು. ಒಳಗೆ ಹೊಗೆ ಎಳೆಯುವ ಫ್ಯಾನಿನ ಸದ್ದು. ಅವರು ಕಾರಿನೊಳಗೆ ಕೂತು ಒಬ್ಬೊಬ್ಬರಿಗೂ ಫೋನು ಮಾಡುವುದು ಕಿಟಕಿಯಿಂದ ನನಗೆ ಕಾಣುತ್ತಿತ್ತು. ಏಪ್ರನ್ ತೆಗೆದಿರಲಿಲ್ಲ. ಮಾತಾಡುವುದಕ್ಕಿಂತ ಹೆಚ್ಚು ಕೇಳಿಸಿಕೊಳ್ಳುತ್ತಿದ್ದರು. ನಾನು ಅಷ್ಟರಲ್ಲಿ ಪಟ್ಟಿಯಲ್ಲಿದ್ದವರೆಲ್ಲರಿಗೂ ಒಂದು ಚಿಕ್ಕ ಇಮೇಲು ಕಳಿಸಿದೆ; ಮೇಲಿನ ಸಾಲು ಅವರು ಹೇಳಿಕೊಟ್ಟದ್ದೇ: "ಎಲ್ಲ ಕ್ಷೇಮ. ತಪ್ಪು ನಮ್ಮದು." ಒಳಗೆ ಮಾರಾಟದ ಒಂದು ಮಾತೂ ಇರಲಿಲ್ಲ.

ಒಡತಿ ಕಾರಿನಿಂದ ಬಂದು, "ಬ್ರಿಜ್ಜಿನವ್ರು ಸರಿ ಬಿಡಿ ಅಂದು ಫೋನ್ ಇಟ್ರು," ಎಂದರು. ಆ ಹೆಂಗಸು ಅಷ್ಟರಲ್ಲಾಗಲೇ ನಮ್ಮ ಪಟ್ಟಿಯಿಂದ ಹೊರಗೆ ಹೋಗಿದ್ದರು. ಇನ್ನೂ ಬಹಳ ಜನ ಹೋಗಿದ್ದರು.

ಮರುದಿನ ಶೇಂಗಾ ಸಿಪ್ಪೆ ಹಾರಿಸುತ್ತ ಒಡತಿ ಇದ್ದಕ್ಕಿದ್ದ ಹಾಗೆ ಕೇಳಿದರು. "ಅಕ್ಕಾರ, ಮೊದಲೆಲ್ಲಾ ಕಾಗದ ಬರೀತಿದ್ರಲ್ಲ, ನಿಮ್ಮ ಕಡೆ ಹೆಂಗ ಸುರು ಮಾಡ್ತಿದ್ರಿ?"

"ಇತ್ತ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಿ. ಎಲ್ಲ ಕಡೇನೂ ಅದೇ ಅಲ್ವಾ?"

"ಯಾಕ ಹಂಗ?"

"ಯಾಕೆ ಅಂದರೆ..." ಎಂದು ನಿಂತೆ. ಎಷ್ಟೋ ಕಾಗದ ಹಾಗೆ ಶುರು ಮಾಡಿದ್ದೆ, ಯಾಕೆಂದು ಯೋಚಿಸಿರಲಿಲ್ಲ. ಪೋಸ್ಟಿನವನು ಬಂದರೆ ನಮ್ಮಜ್ಜಿ ಕಾಗದ ಒಡೆಯುವ ಮುಂಚೆ ಒಮ್ಮೆ ದೇವರ ಕೋಣೆಯ ಕಡೆ ನೋಡುತ್ತಿದ್ದರು. ಮೊದಲ ಸಾಲು ಓದಿದ ಮೇಲೆಯೇ ಕೂರುತ್ತಿದ್ದರು. ಮಿಕ್ಕದ್ದನ್ನು, ಯಾರ ಮನೆಯ ಹಸು ಕರು ಹಾಕಿತು ಎನ್ನುವುದನ್ನು, ರಾಗವಾಗಿ ಎರಡು ಸಲ ಓದಿಸುತ್ತಿದ್ದರು.

"ನೋಡ್ರಿ ಮತ್ತ," ಎಂದರು ಒಡತಿ. "ಮೊದಲ ಅದನ್ನ ಹೇಳೋಣು. ಪ್ರತಿ ವಾರ, ಪ್ರತಿ ಸಾಲಿನ ಮುಂದ. ಕ್ಷೇಮ ಅಂತ ಹೇಳಿ ಆಮ್ಯಾಲೆ ಒಡಪು."

ಭಾನುವಾರ ಮಗಳು ನೋಡಿ ಹುಬ್ಬು ಏರಿಸಿದಳು. "ಅಮ್ಮಾ, ಯು ಜಸ್ಟ್ ಕಿಲ್ಡ್ ದ ಸಸ್ಪೆನ್ಸ್. ಫಸ್ಟ್ ವರ್ಡಲ್ಲೇ ಎವ್ರಿಥಿಂಗ್ ಈಸ್ ಫೈನ್ ಅಂದ್ರೆ ಹೂ ವಿಲ್ ಓಪನ್ ಇಟ್?" ನನಗೂ ಅದೇ ಅಳುಕಿತ್ತು. ಕಲಿತ ನಿಯಮಗಳಿಗೆಲ್ಲ ಇದು ಉಲ್ಟಾ. ಫೋನಿನ ಪರದೆಯಲ್ಲಿ ಕಾಣುವ ನಾಲ್ಕಾರು ಮಾತಿನಲ್ಲಿ ಅತ್ಯಂತ ಬೆಲೆಯುಳ್ಳ ಜಾಗ ಮೊದಲನೆಯದು. ಅದನ್ನೇ ಯಾವ ರಹಸ್ಯವೂ ಇಲ್ಲದ ಮಾತಿಗೆ ಕೊಡುವುದು. ಯುಗಾದಿ ಎದುರಿಗಿದ್ದಾಗ, ಹೋದವರನ್ನು ಹೇಗಾದರೂ ಕರೆತರಬೇಕಾಗಿದ್ದಾಗ. ಒಡತಿಗೆ ಹೇಳಿದೆ.

"ಇಳೀಲಿ ಬಿಡ್ರಿ ಗೆರಿ," ಎಂದರು. "ಅಂಜಿದವ್ರು ಬಾಗಲಾ ತಗೀತಾರ, ಆಟಕ್ಕ ಬರಂಗಿಲ್ಲ. ಆಟ ಆಡಾಕ ಮನಸು ತಣ್ಣಗಿರಬೇಕು."

ಮುಂದಿನ ಗುರುವಾರದ ಸಾಲು: "ಕ್ಷೇಮ. ಮೂಗಿಲ್ಲದಿದ್ದರೂ ಎಲ್ಲರನ್ನೂ ಸೀನಿಸುವವಳು ಯಾರು?" ತೆರೆದವರು ಕಡಿಮೆಯಾದರು. ಬಹಳ ಕಡಿಮೆ. ನಾನು ಗೆರೆ ನೋಡುತ್ತ ಕೂತಿದ್ದಾಗ ಉತ್ತರಗಳು ಬರತೊಡಗಿದವು. ಮೊದಲನೆಯದು: "ಇಲ್ಲೂ ಕ್ಷೇಮ. ಮೆಣಸಿನಕಾಯಿ." ಎರಡನೆಯದು: "ನಾವೂ ಕ್ಷೇಮ. ಮಗಳ ಕೈ ಪ್ಲಾಸ್ಟರ್ ತೆಗೆದರು. ಬ್ಯಾಡಗಿನಾ?" ಮೂರನೆಯದರಲ್ಲಿ ಪುಡಿಯ ಮಾತೇ ಇರಲಿಲ್ಲ: "ಕ್ಷೇಮ. ಅಮ್ಮ ಊರಿಂದ ಬಂದಿದ್ದಾರೆ, ನಿಮ್ಮ ಪತ್ರ ಅವರಿಗೆ ಓದಿ ಹೇಳಿದೆ."

ನಮ್ಮ ಜನಕ್ಕೆ ಯಾರಾದರೂ ಕ್ಷೇಮ ಎಂದರೆ ಸುಮ್ಮನಿರಲು ಬರುವುದಿಲ್ಲ. ಇಲ್ಲೂ ಕ್ಷೇಮ ಎನ್ನಲೇಬೇಕು. ಅದನ್ನು ಹೇಳಲು ಕೈ ಇಟ್ಟವರು ಒಡಪಿನ ಉತ್ತರವನ್ನೂ ಬರೆಯುತ್ತಾರೆ, ಮನೆಯ ಸುದ್ದಿಯನ್ನೂ ಬರೆಯುತ್ತಾರೆ. ಆ ಗುರುವಾರ ಬಂದಷ್ಟು ಉತ್ತರ ಹಿಂದೆ ಬಂದಿರಲಿಲ್ಲ. ಆಮೇಲಿನ ಗುರುವಾರ ಇನ್ನೂ ಹೆಚ್ಚು. ಇದರಲ್ಲಿ ಒಂದು ತಾಂತ್ರಿಕ ಲಾಭವೂ ಇತ್ತು, ನನಗೆ ಆಮೇಲೆ ತಿಳಿದದ್ದು. ಜನ ಉತ್ತರ ಬರೆಯುವ ವಿಳಾಸದಿಂದ ಬಂದ ಪತ್ರವನ್ನು ಇಮೇಲಿನ ಯಂತ್ರಗಳು ಜಾಹೀರಾತೆಂದು ಬೇರೆ ಮೂಲೆಗೆ ತಳ್ಳುವುದು ಕಡಿಮೆ. ಮನೆಯವರ ಪತ್ರಗಳ ಜೊತೆಯಲ್ಲೇ ಇಡುತ್ತವೆ. ಇಳಿದಿದ್ದ ಗೆರೆ ಯಾರೂ ತಳ್ಳದೆ ಮೆಲ್ಲಗೆ ಏರಿತು. ಒಡತಿ ಅದನ್ನು ನೋಡುವುದನ್ನೇ ಬಿಟ್ಟಿದ್ದರು. ಸಂಜೆ ಕೈ ಒರೆಸಿಕೊಂಡು ಕೂತು ಉತ್ತರಗಳಿಗೆ ಉತ್ತರ ಬರೆಯುತ್ತಿದ್ದರು. ಪ್ಲಾಸ್ಟರ್ ತೆಗೆದ ಹುಡುಗಿಯ ಕೈ ಹೇಗಿದೆ ಎಂದು ಮುಂದಿನ ವಾರ ಮರೆಯದೆ ಕೇಳಿದರು.

ಆದರೆ ಲ್ಯಾಬಿನ ವಿಷಯ ಬಾಯಿ ಬಿಡಲಿಲ್ಲ. ನಾನು ಒಮ್ಮೆ ಕೇಳಿಯೇ ಬಿಟ್ಟೆ. "ಹೇಳಿದ ಹೊತ್ತಿಗೆ ಹೇಳತೀನಿ ಅಕ್ಕಾರ," ಎಂದು ಕಡಾಯಿಯ ಕಡೆ ತಿರುಗಿದರು.

ಯುಗಾದಿಗೆ ಮುಂಚಿನ ಶನಿವಾರ ಪಾರ್ಕಿಂಗ್ ಲಾಟಿನಲ್ಲಿ ಬಿಸಿಲು ಚೆನ್ನಾಗಿತ್ತು. ಮಡಚುವ ಮೇಜು, ಮೇಲೆ ಬಟ್ಟೆಯ ಚಪ್ಪರ, ಬೇವಿನ ಎಲೆ ಒಂದು ಬುಟ್ಟಿ. ಸಾಲು ಗ್ರೋಸರಿಯ ಗಾಡಿಗಳ ತನಕ ಹೋಗಿತ್ತು. ಬಂದವರಲ್ಲಿ ಮುಕ್ಕಾಲು ಜನರ ಮುಖ ನನಗೆ ಗೊತ್ತಿತ್ತು. ಮತ್ತೆ ಬಂದವರು, ಮತ್ತೆ ಮತ್ತೆ ಬಂದವರು. ನಡುವೆ ಒಬ್ಬರು ಗೊತ್ತಿಲ್ಲದವರು, ಕಾಟನ್ ಸೀರೆ, ಕೈಯಲ್ಲಿ ಆ ವಾಚು. ಮೇಜಿನ ಹತ್ತಿರ ಬಂದು, "ನಾನು ಬ್ರಿಜ್ಜಿನವಳು," ಎಂದರು.

ಒಡತಿ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟರು.

"ಅಪ್ಪ ಮನೆಗೆ ಬಂದ್ರು. ಕ್ಷೇಮ," ಎಂದರು ಆ ಹೆಂಗಸು. "ಪಕ್ಕದ ಮನೆಯವರು ನಿಮ್ಮ ಒಡಪು ಪ್ರತಿವಾರ ಕಳಿಸ್ತಾರೆ. ಬೇಡ ಅಂದ್ರೂ ಕಳಿಸ್ತಾರೆ. ಮೊದಲ ಮಾತು ನೋಡಿ ಸುಮ್ಮನಾಗ್ತೀನಿ, ಆಮೇಲೆ ಉತ್ತರ ಏನು ಅಂತ ಇಡೀ ಬ್ರಿಜ್ಜು ಯೋಚನೆ ಮಾಡ್ತೀನಿ."

ಒಡತಿ ಮೇಜಿನ ಆಚೆಯಿಂದ ಅವರ ಕೈ ಹಿಡಿದುಕೊಂಡರು. ಹಿಂದಿನವರು ಕಾಯುತ್ತಿದ್ದರು.

"ಆದ್ರೆ ಒಂದು," ಎಂದರು ಬ್ರಿಜ್ಜಿನವರು, ದನಿ ಏರಿಸಿ, ಎಲ್ಲರಿಗೂ ಕೇಳುವಂತೆ. "ಇಷ್ಟು ವಾರ ಪುಡಿ ಹೆಸರಿಗೆ ನಮ್ಮ ತಲೆ ತಿಂದಿದ್ದೀರಿ. ಒಡಪು ಅಂದ್ರೆ ಯಜಮಾನರ ಹೆಸರು ಹೇಳೋದಂತೆ. ಅದನ್ನ ಹೇಳಲೇ ಇಲ್ಲವಲ್ಲ? ನಾವು ಬಿಡೋದು ಹೇಗೆ?"

ಸಾಲಿನಲ್ಲಿದ್ದ ಉತ್ತರ ಕರ್ನಾಟಕದವರಿಗೆ ಇಷ್ಟು ಸಾಕಾಯಿತು. "ಹೌದ್ರಿ, ಆಗ್ಲಿ, ಹೆಸರು ಹೇಳ್ಲೇಬೇಕು," ಎಂದು ಮುಂದೆ ಬಂದು ಮೇಜಿನ ಸುತ್ತ ನಿಂತರು. ಒಬ್ಬ ಅಜ್ಜಿ ನಿಜವಾಗಿಯೂ ಏಪ್ರನ್ನಿನ ತುದಿ ಹಿಡಿದುಕೊಂಡಳು. ಯಜಮಾನರು ಕಾರಿನ ಡಿಕ್ಕಿಯಿಂದ ಒಂದು ದೊಡ್ಡ ಪೆಟ್ಟಿಗೆ ಎತ್ತಿಕೊಂಡು ಬರುತ್ತಿದ್ದವರು, ಎಲ್ಲರೂ ತಮ್ಮ ಕಡೆ ತಿರುಗಿದ್ದನ್ನು ನೋಡಿ ಅದನ್ನು ಹೊತ್ತುಕೊಂಡೇ ನಿಂತುಬಿಟ್ಟರು.

"ಇಳಿಸಿ ನಿಲ್ರಿ," ಎಂದೆ ನಾನು.

"ಇರ್ಲಿ ಬಿಡ್ರಿ, ಹೇಳ್ಲಿ ಮೊದಲ," ಎಂದರು ಅವರು.

ಒಡತಿ ಅವರ ಕಡೆ ನೋಡಲಿಲ್ಲ. ಏಪ್ರನ್ ಸರಿ ಮಾಡಿಕೊಂಡು, ಗಂಟಲು ಸರಿ ಮಾಡಿಕೊಂಡು, ಬೇವಿನ ಬುಟ್ಟಿಯ ಕಡೆ ನೋಡುತ್ತ ಶುರು ಮಾಡಿದರು. ನಾನು ಕೊರಳು ಮುಂದೆ ಚಾಚಿದ್ದೆ ಎಂದು ಆಮೇಲೆ ಫೋಟೋ ನೋಡಿದಾಗ ಗೊತ್ತಾಯಿತು.

ಬಿಳಿ ಕೋಟು ತೊಟ್ಟು ದುಡದೆ ಗಾಜಿನ ಮನಿಯಾಗ,
ಕೆಂಪು ಖಾರ ಕುಟ್ಟಿ ನಿಂತೆ ಒಲಿಯ ಬೆಳಕಿನಾಗ;
ಹಳೇ ಕೆಲಸ ಕರದ್ರ ಒಲ್ಲೆಂದು ಹೇಳಿದೆ ನಿನ್ನಿನ ದಿನ,
ಇನ್ನ ಡಬ್ಬಿ ಹೊರಾಕ ಗಟ್ಟಿ ಇರಬೇಕು ನಮ್ಮ ಮಧುಸೂದನ.